‘ಇವತ್ತಿಗೆ ಸಾಕು’ ಅನ್ನುವ ಜಿಮ್

ಮೊದಲೇ ಹೇಳಿಬಿಡುತ್ತೇನೆ, ಈ ಜಿಮ್ಮಿಗೆ ಹೆಸರಿಲ್ಲ. ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ ಹಿಟ್ಟಿನ ಗಿರಣಿ, ಅದರ ಹಿಂದೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ‘ವ್ಯಾಯಾಮ ಶಾಲೆ’ ಅಂತ ಬರೆದಿದೆ, ಅಷ್ಟೆ. ನಮ್ಮ ಮನೆಯಲ್ಲಿ ‘ಗಿರಣಿ ಜಿಮ್ಮು’ ಅನ್ನುತ್ತೇವೆ. ಸೇರಿ 18 ತಿಂಗಳಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಬೇಕಂತಲೇ. ಮೊದಲ ತಿಂಗಳು ಯಾವ ಜಿಮ್ಮಾದರೂ ಚೆನ್ನಾಗೇ ಇರುತ್ತದೆ, ಅಲ್ವಾ?

ನನಗೆ 49 ವರ್ಷ. ಸಹಕಾರ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಏಳುವುದು ಊಟಕ್ಕೆ, ಇಲ್ಲವೇ ಚಿಲ್ಲರೆ ಚೀಲ ಎತ್ತುವುದಕ್ಕೆ. ಚಿಲ್ಲರೆ ಚೀಲ ಅಂದರೆ ಸುಮ್ನೆ ಅಲ್ಲ. 6 ಗ್ರಾಂ ತೂಗುವ ಐದು ರೂಪಾಯಿ ನಾಣ್ಯ 2,000 ತುಂಬಿದರೆ 12 ಕೆಜಿ ಆಗುತ್ತದೆ. ದೇವಸ್ಥಾನದ ಹುಂಡಿ ಎಣಿಸಿದ ಮರುದಿನ ಅಂಥ ಐದಾರು ಚೀಲ ಬರುತ್ತವೆ. ಅದನ್ನು ಎತ್ತಿ ಎತ್ತಿ ನನ್ನ ಸೊಂಟ ವರ್ಷಕ್ಕೆರಡು ಸಲ ಹಿಡಿದುಕೊಳ್ಳುತ್ತಿತ್ತು. ಸಾಲದ್ದಕ್ಕೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 6.1 ಬಂತು. ಸಕ್ಕರೆ ಕಾಯಿಲೆಯ ಹೊಸ್ತಿಲು. ಡಾಕ್ಟರು ವ್ಯಾಯಾಮ ಮಾಡಿ ಅಂದರು.

ಗಿರಣಿ ಜಿಮ್ಮಿಗಿಂತ ಮುಂಚೆ ಇನ್ನೊಂದು ಕಡೆ ಹೋಗಿದ್ದೆ. ಹೆಸರು ಬೇಡ. ಎಸಿ, ಗೋಡೆ ತುಂಬ ಕನ್ನಡಿ, ವರ್ಷಕ್ಕೆ 14,000 ಕಟ್ಟಿದರೆ ಬ್ಯಾಗು, ಟೀಶರ್ಟು ಉಚಿತ. ಮೊದಲ ದಿನವೇ ಟ್ರೈನರ್ ಹುಡುಗ ನೂರು ಬಸ್ಕಿ ಹೊಡೆಸಿದ. ಮೂರು ದಿನ ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದು ಅಡ್ಡಡ್ಡ ಇಳಿದೆ. ಅದನ್ನೇ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡೆ, ‘ಏನು ವರ್ಕೌಟು ಗೊತ್ತಾ!’ ಅಂತ. ಏಳನೇ ವಾರ ತಲೆಯ ಹಿಂದಕ್ಕೆ ರಾಡು ಇಳಿಸಿ ಮೇಲೆತ್ತುವ ವ್ಯಾಯಾಮ ಕೊಟ್ಟ. ಹುಡುಗನ ಕಣ್ಣು ಫೋನಿನ ಮೇಲಿತ್ತು. ಬಲ ಭುಜದಲ್ಲಿ ಏನೋ ಚುಚ್ಚಿದ ಹಾಗಾಯಿತು. ‘ಚುಚ್ತಾ ಇದೆ’ ಅಂದೆ. ‘ಆಗ್ಬೇಕು ಮೇಡಂ, ನೋವಿಲ್ದೆ ಬಾಡಿ ಬರಲ್ಲ’ ಅಂದ. ಮುಂದಿನ ನಾಲ್ಕು ತಿಂಗಳು ನನ್ನ ಜಡೆ ನಾನು ಹಾಕಿಕೊಳ್ಳಲು ಆಗಲಿಲ್ಲ. ಸಿಟಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಎಡಗೈ. ಫಿಸಿಯೋ ಹತ್ತಿರ ರಬ್ಬರ್ ಪಟ್ಟಿ ಎಳೆದದ್ದೇ ಎಳೆದದ್ದು. 14,000 ವಾಪಸ್ ಬರಲಿಲ್ಲ, ಬ್ಯಾಗು ಮಾತ್ರ ಇನ್ನೂ ಇದೆ. ಅದರಲ್ಲಿ ಈಗ ಈರುಳ್ಳಿ ಇಡುತ್ತೇವೆ.

ಹಾಗಾಗಿ ಇಲ್ಲಿಗೆ ಬರುವಾಗ ಅರ್ಧ ಅನುಮಾನವಿತ್ತು. ಜಿಮ್ ನಡೆಸುವವರು ಅರವತ್ತು ದಾಟಿದ ಹಳೇ ಪೈಲ್ವಾನರು, ಎಲ್ಲರೂ ಮಾಸ್ಟ್ರು ಅನ್ನುತ್ತಾರೆ. ಜೊತೆಗೆ ಅವರ ಮಗಳು, ದೈಹಿಕ ಶಿಕ್ಷಣದಲ್ಲಿ ಡಿಗ್ರಿ ಮಾಡಿದ ಹುಡುಗಿ. ನಾನು ಹೊಸ ಶೂ ಹಾಕಿಕೊಂಡು, 800 ರೂಪಾಯಿ ಕೈಯಲ್ಲಿ ಹಿಡಿದು ನಿಂತೆ. ಮಾಸ್ಟ್ರು ದುಡ್ಡು ಮುಟ್ಟಲಿಲ್ಲ. ಒಂದು ಹಾಳೆ ಕೊಟ್ಟರು. ಕನ್ನಡದಲ್ಲಿ ಏಳು ಪ್ರಶ್ನೆ. ಹೃದಯದ ತೊಂದರೆ ಇದೆ ಅಂತ ಡಾಕ್ಟರು ಯಾವತ್ತಾದರೂ ಹೇಳಿದ್ದಾರಾ? ಕೆಲಸ ಮಾಡುವಾಗ ಎದೆ ನೋಯುತ್ತಾ? ತಲೆ ಸುತ್ತಿ ಬಿದ್ದದ್ದು ಇದೆಯಾ? ಬಿಪಿಗೆ ಮಾತ್ರೆ ತಗೊಳ್ತೀರಾ? ಹೀಗೆ. ಆಮೇಲೆ ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿದರು. 142/90.

‘ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ ತಾಯಿ. ದುಡ್ಡು ಎಲ್ಲೂ ಓಡಿ ಹೋಗಲ್ಲ.’

ನಿಜ ಹೇಳಬೇಕೆಂದರೆ ಸಿಟ್ಟೇ ಬಂತು. ದುಡ್ಡು ಕೊಡುತ್ತೇನೆ ಅಂದರೂ ಬೇಡ ಅನ್ನುವ ಅಂಗಡಿ ಯಾವುದು? ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ಮಾತ್ರ ‘ಆ ಮನುಷ್ಯ ಸರಿ ಇದ್ದಾರೆ’ ಅಂದರು. ಅವರ ಹೆದರಿಕೆ ಬೇರೆ. 2021ರ ಅಕ್ಟೋಬರ್ 29 ಅವರು ಮರೆತಿಲ್ಲ, ನಮ್ಮಲ್ಲಿ ಯಾರೂ ಮರೆತಿಲ್ಲ. ಪುನೀತ್‌ಗೆ ಆಗ ಬರೀ 46. ಅಷ್ಟು ಚೆನ್ನಾಗಿ ಮೈ ಇಟ್ಟುಕೊಂಡಿದ್ದವರಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಆಮೇಲೆ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಸಾಲು ನಿಂತರಲ್ಲ, ಆ ಸಾಲಿನಲ್ಲಿ ನಮ್ಮ ಯಜಮಾನರೂ ಇದ್ದರು. ಜಿಮ್ಮಿಗೆ ಹೋದರೆ ಹೃದಯ ನಿಲ್ಲುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ನಡುವಯಸ್ಸಿನಲ್ಲಿ ಶುರು ಮಾಡುವವರು ಒಂದು ಸಲ ಬಿಪಿ, ಸಕ್ಕರೆ, ಇಸಿಜಿ ನೋಡಿಸಿಕೊಂಡು ಹೋಗುವುದು ಮಾತ್ರ ಬುದ್ಧಿವಂತಿಕೆ. ನಾನೂ ಮಾಡಿಸಿದೆ. ಡಾಕ್ಟರು ಉಪ್ಪಿನಕಾಯಿ ಬಿಡಿ, ತೂಕ ಎತ್ತಿ, ಆದರೆ ಉಸಿರು ಕಟ್ಟಬೇಡಿ ಅಂದರು. ಒಂಬತ್ತನೇ ದಿನ ಚೀಟಿ ಹಿಡಿದು ವಾಪಸ್ ಹೋದೆ.

ಆಮೇಲಾದರೂ ತೂಕ ಕೊಟ್ಟರಾ? ಇಲ್ಲ. ಎರಡು ವಾರ ಪೊರಕೆ ಕೋಲು!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಸೊಂಟ ಉಳಿದದ್ದು ಇದರಿಂದ. ಕೋಲನ್ನು ಬೆನ್ನಿನ ಉದ್ದಕ್ಕೆ ಹಿಡಿಯಬೇಕು. ತಲೆಯ ಹಿಂಭಾಗ, ಎರಡು ಭುಜಗಳ ನಡುವೆ, ಬೆನ್ನುಮೂಳೆಯ ಬುಡ, ಈ ಮೂರು ಕಡೆ ಕೋಲು ತಾಗಿರಬೇಕು. ಹಾಗೇ ಮುಂದಕ್ಕೆ ಬಗ್ಗಬೇಕು, ಎಲ್ಲೂ ಕೋಲು ಬಿಡಬಾರದು. ಕೇಳುವುದಕ್ಕೆ ಸುಲಭ. ನಾನು ಬಗ್ಗಿದ ಕೂಡಲೇ ಬುಡದಲ್ಲಿ ಕೋಲು ಬಿಟ್ಟುಕೊಳ್ಳುತ್ತಿತ್ತು. ಅಂದರೆ ನಾನು ಬಗ್ಗುತ್ತಿದ್ದದ್ದು ಬೆನ್ನಿನಿಂದ, ತೊಡೆಸಂದಿನಿಂದ ಅಲ್ಲ. ಮೂವತ್ತು ವರ್ಷ ರಂಗೋಲಿ ಹಾಕಿದ್ದೂ ಹೀಗೇ, ಚೀಲ ಎತ್ತಿದ್ದೂ ಹೀಗೇ. ಮಾಸ್ಟ್ರು ಹೇಳಿ ಹೇಳಿ ಸುಸ್ತಾದರು. ಕೊನೆಗೆ ಮಗಳು ಬಂದು, ‘ಆಂಟಿ, ಎರಡೂ ಕೈಲಿ ಪಾತ್ರೆ ಇದ್ದಾಗ ಅಡುಗೆಮನೆ ಬಾಗಿಲು ಹೇಗೆ ಮುಚ್ತೀರಾ?’ ಅಂತ ಕೇಳಿದಳು. ನಾನು ಹಿಂಬದಿಯಿಂದ ತಳ್ಳಿ ತೋರಿಸಿದೆ. ಕೋಲು ಮೂರು ಕಡೆಯೂ ಅಂಟಿಕೊಂಡಿತ್ತು. ‘ಇದೇ ನೋಡಿ ಡೆಡ್‌ಲಿಫ್ಟು’ ಅಂದಳು. ನೆಲದ ಮೇಲಿನ ಭಾರ ಹಿಡಿದು ನೆಟ್ಟಗೆ ನಿಲ್ಲುವ ವ್ಯಾಯಾಮ ಅದು. (ಆಂಟಿ ಅನ್ನಬೇಡ ಅಂದೆ. ಮರುದಿನದಿಂದ ಅಕ್ಕ.)

ಉಸಿರಿನದ್ದೂ ಅವಳದೇ ಉಪಾಯ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ನನ್ನಂಥವರಿಗೆ ಅದು ಒಳ್ಳೆಯದಲ್ಲ. ‘ಉಸಿರು ಬಿಡಿ, ಬಿಡಿ’ ಅಂತ ಎಷ್ಟು ಸಲ ಹೇಳಿದರೂ ಹೊಸಬರು ಮರೆಯುತ್ತಾರೆ. ಅದಕ್ಕೆ ಇಲ್ಲಿ ಎತ್ತುವಾಗ ಜೋರಾಗಿ ಎಣಿಸಬೇಕು. ಬಾಯಿ ಬಿಟ್ಟು ‘ಏಳು’ ಅನ್ನುವವರು ಉಸಿರು ಕಟ್ಟಲು ಹೇಗೆ ಸಾಧ್ಯ? ಬೆಳಿಗ್ಗೆ ಆರು ಗಂಟೆಗೆ ನಮ್ಮ ಶೆಡ್ಡಿನ ಪಕ್ಕ ಹೋದರೆ ಮಗ್ಗಿ ಹೇಳಿಸುವ ಸ್ಕೂಲಿನ ಹಾಗೆ ಕೇಳುತ್ತದೆ.

ಇನ್ನು ನೋಟ್‌ಬುಕ್. ಎಲ್ಲರಿಗೂ ಒಂದು 200 ಪುಟದ ಪುಸ್ತಕ. ತಾರೀಕು, ವ್ಯಾಯಾಮ, ಎಷ್ಟು ಕೆಜಿ, ಎಷ್ಟು ಸಲ ಅಂತ ಬರೆಯುವುದು ಎಲ್ಲ ಕಡೆ ಇರಬಹುದು. ಇಲ್ಲಿ ಇನ್ನೊಂದು ಕಾಲಂ ಇದೆ, ‘ಇನ್ನೆಷ್ಟು ಆಗುತ್ತಿತ್ತು?’ ಹತ್ತು ಸಲ ಎತ್ತಿ ಇಟ್ಟಾಗ ಇನ್ನೂ ಎರಡು ಸಲ ಎತ್ತುವ ಶಕ್ತಿ ಉಳಿದಿರಬೇಕು. ‘0’ ಅಂತ ಬರೆದರೆ ಮಾಸ್ಟ್ರು ಮುಖ ಗಂಟು ಹಾಕುತ್ತಾರೆ. ನಾನು ಕ್ಯಾಷಿಯರ್ ನೋಡಿ, ನನಗೆ ಇದು ಥಟ್ ಅಂತ ಹೊಳೆಯಿತು. ದಿನದ ಕೊನೆಗೆ ತಿಜೋರಿ ಖಾಲಿ ಮಾಡಿ ಹೋಗುವ ಬ್ಯಾಂಕು ಮರುದಿನ ಬಾಗಿಲು ತೆಗೆಯುವುದು ಹೇಗೆ?

ಹೀಗೆ ಹತ್ತು ಸಲ ಎತ್ತಿದರೆ ಒಂದು ಸೆಟ್ಟು. ಸತತ ಎರಡು ದಿನ ಮೂರು ಸೆಟ್ಟೂ ಪೂರ್ತಿ ಆಗಿ, ಎರಡು ಉಳಿದಿದ್ದರೆ ಮಾತ್ರ ಭಾರ ಏರಿಸುತ್ತಾರೆ. ಅದೂ ಅತಿ ಚಿಕ್ಕ ಪ್ಲೇಟು, ರಾಡಿನ ಆ ಕಡೆ 1.25, ಈ ಕಡೆ 1.25. ನನ್ನ ಬಲ ಭುಜಕ್ಕೆ ಅದೂ ಜಾಸ್ತಿ ಅಂತ ಮರಳು ತುಂಬಿ ಹೊಲಿದ ಅರ್ಧ ಕೆಜಿ ಪಟ್ಟಿ ಮಣಿಕಟ್ಟಿಗೆ ಕಟ್ಟಿದರು. ಆ ಪಟ್ಟಿ ಬಿಚ್ಚಿ 2 ಕೆಜಿ ಡಂಬೆಲ್ ಹಿಡಿಯಲು ನನಗೆ ಮೂರು ತಿಂಗಳು ಬೇಕಾಯಿತು. ಪಕ್ಕದಲ್ಲಿ ಕಾಲೇಜು ಹುಡುಗರು ನಗುತ್ತಾರೆ ಅಂದುಕೊಂಡಿದ್ದೆ. ಅವರ ಪುಸ್ತಕದಲ್ಲೂ ಅದೇ 2.5 ಲೆಕ್ಕ, ಹಾಗಾಗಿ ಯಾರಿಗೂ ನಗಲು ಪುರುಸೊತ್ತಿಲ್ಲ.

ನಾಲ್ಕು ವಾರ ಆದ ಮೇಲೆ ಐದನೆಯದು ‘ಇಳಿಸೋ ವಾರ’. ಎಲ್ಲ ಭಾರವೂ ಸುಮಾರು ಅರ್ಧ. ಮೊದಲ ಸಲ ಜಗಳ ಆಡಿದೆ, ‘ಪೂರ್ತಿ ತಿಂಗಳಿನ ದುಡ್ಡು ತಗೊಂಡು ಅರ್ಧ ವ್ಯಾಯಾಮ ಮಾಡಿಸ್ತೀರಲ್ಲ’ ಅಂತ. ಮಾಸ್ಟ್ರು ಉತ್ತರ ಕೊಡದೆ ತಮ್ಮ ಪಂಚೆ ಮಂಡಿಯ ಮೇಲಕ್ಕೆ ಎತ್ತಿ ತೋರಿಸಿದರು. ಎಡ ಮಂಡಿ ಬಲದ್ದಕ್ಕಿಂತ ದಪ್ಪ, ಪಕ್ಕದಲ್ಲಿ ಹಳೇ ಹೊಲಿಗೆಯ ಗುರುತು. ಗರಡಿಮನೆಯಲ್ಲಿ ದಿನಾ ಸಾವಿರ ಬಸ್ಕಿ ಹೊಡೆದವರು ಅವರು. ಸಾವಿರ ಬಸ್ಕಿ ತಪ್ಪಲ್ಲವಂತೆ. ಜ್ವರ ಇದ್ದಾಗಲೂ ಹೊಡೆದದ್ದು ತಪ್ಪು, ಕುಸ್ತಿಯ ಮಟ್ಟಿಯಲ್ಲಿ ಬಿದ್ದು ಮಂಡಿ ಊದಿದ ಮರುದಿನವೂ ಹೊಡೆದದ್ದು ತಪ್ಪು. ‘ದಸರಾ ಕುಸ್ತಿ ಹತ್ರ ಬಂತು ಅಂದ್ರೆ ನಮಗೆ ರೆಸ್ಟ್ ಅನ್ನೋ ಪದಾನೇ ಗೊತ್ತಿರ್ಲಿಲ್ಲ ತಾಯಿ. ಇಪ್ಪತ್ತೈದರಲ್ಲಿ ಏನೂ ಗೊತ್ತಾಗಲ್ಲ. ನಲವತ್ತಕ್ಕೆ ಬಿಲ್ಲು ಬರುತ್ತೆ.’ ಈಗ ಅವರು ನೆಲದ ಮೇಲೆ ಕೂತು ಊಟ ಮಾಡಲಾರರು. ಮದುವೆ ಮನೆಗಳಲ್ಲಿ ಸಾಲಿನ ಕೊನೆಗೆ ಅವರಿಗೊಂದು ಸ್ಟೂಲು. ಮಾಂಸಖಂಡ ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿ ಹಿಡಿಯುವ ಹುರಿಯಂಥ ಟೆಂಡನ್ ನಿಧಾನ, ಆ ಹಿಂದೆ ಬಿದ್ದದ್ದಕ್ಕೂ ಕಾಲ ಕೊಡಬೇಕು ಅಂತ ಮಗಳು ಆಮೇಲೆ ವಿವರಿಸಿದಳು. ನನಗೆ ಆ ಸ್ಟೂಲೇ ಸಾಕಾಗಿತ್ತು.

ನೋವಿನ ವಿಷಯದಲ್ಲೂ ಇಲ್ಲಿ ಲೆಕ್ಕ ಸ್ಪಷ್ಟ. ವ್ಯಾಯಾಮದ ಮರುದಿನ, ಅದರ ಮರುದಿನ ಮೈಕೈ ಬಿಗಿಯುವುದು ಮಾಮೂಲಿ, ಮೂರ್ನಾಲ್ಕು ದಿನಕ್ಕೆ ಹೋಗುತ್ತದೆ. ಕೀಲಿನಲ್ಲಿ ಚುಚ್ಚಿದರೆ, ಒಂದೇ ಕಡೆ ನೋವಾದರೆ ಅಲ್ಲಿಗೇ ನಿಲ್ಲಿಸಬೇಕು. ಎದೆ ಬಿಗಿದರೆ, ಎಡಗೈಗೆ ಇಲ್ಲವೇ ದವಡೆಗೆ ನೋವು ಹರಿದರೆ ಮನೆಗೂ ಹೋಗುವ ಹಾಗಿಲ್ಲ, ನೇರ ಆಸ್ಪತ್ರೆ. ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಅಭ್ಯಾಸವಿಲ್ಲದವರು ಒಂದೇ ದಿನ ಮಿತಿ ಮೀರಿ ಮಾಡಿದರೆ ಮಾಂಸಖಂಡ ಒಡೆದು ಕಿಡ್ನಿಗೆ ತೊಂದರೆ ಆಗಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಅಕ್ಕನ ಮಗ ಸ್ನೇಹಿತರ ಜೊತೆ ಪಂದ್ಯ ಕಟ್ಟಿ ಮುನ್ನೂರು ಬಸ್ಕಿ ಹೊಡೆದು ಮೂರು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ. ನನ್ನ ಮೊದಲ ಜಿಮ್ಮಿನ ನೂರು ಬಸ್ಕಿ ನೆನೆದು ಅವತ್ತು ಸ್ವಲ್ಪ ಬೆವರಿದೆ.

ಹೋದ ವರ್ಷ ಆಷಾಢದಲ್ಲಿ ನನಗೆ ಜ್ವರ ಬಂದು ಎರಡೂವರೆ ವಾರ ತಪ್ಪಿತು. ವಾಪಸ್ ಬಂದ ದಿನ ಪುಸ್ತಕ ತೆಗೆದು ಹಳೇ ಪುಟದಂತೆ 35 ಕೆಜಿ ಹಾಕಿಕೊಳ್ಳುತ್ತಿದ್ದೆ. ಮಾಸ್ಟ್ರು ಬಂದು ಎರಡೂ ಕಡೆಯ ಪ್ಲೇಟು ಕಳಚಿ 20ಕ್ಕೆ ಇಳಿಸಿದರು. ಎರಡು ಸೆಟ್ಟು ಆಯಿತು. ಚೆನ್ನಾಗೇ ಆಗುತ್ತಿತ್ತು. ಮೂರನೆಯದಕ್ಕೆ ಕೈ ಹಾಕಿದೆ. ‘ಇವತ್ತಿಗೆ ಸಾಕು.’ ‘ಆಗುತ್ತೆ ಮಾಸ್ಟ್ರೇ.’ ‘ಆಗುತ್ತೆ ಅಂತ ನಂಗೂ ಗೊತ್ತು. ಶುಕ್ರವಾರ ಬರ್ತೀರಲ್ಲ?’ ಕೋಪದಲ್ಲಿ ಚಪ್ಪಲಿ ಹಾಕಿಕೊಂಡು ಹೋದೆ. ಶುಕ್ರವಾರ ಬಂದೆ. ಮೂರು ವಾರದಲ್ಲಿ 35 ಮತ್ತೆ ಕೈಗೆ ಬಂತು.

ವಾರಕ್ಕೆ ಮೂರೇ ದಿನ ಇಲ್ಲಿ. ಸೋಮ, ಬುಧ, ಶುಕ್ರ ನಮ್ಮ ಬ್ಯಾಚು. ಉಳಿದ ದಿನ ಬಂದರೆ ಬಾಗಿಲಲ್ಲೇ ‘ವಾಕ್ ಹೋಗಿ’ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಸರಿಸುಮಾರು ಇದೇ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಜೊತೆಗೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ. ನಾನು ಮಿಕ್ಕ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇನೆ. ಕೊಕ್ಕರೆ ನೋಡುತ್ತಾ ನಿಂತುಬಿಡುವ ಅಭ್ಯಾಸ ಇರುವುದರಿಂದ ಬಿರುಸು ಅಂತ ಹೇಳಲಾರೆ.

ಪೌಡರ್ ಡಬ್ಬಿ ಇಲ್ಲಿ ಮಾರುವುದಿಲ್ಲ. ಹಳೇ ಜಿಮ್ಮಿನಲ್ಲಿ 3,500ರ ಡಬ್ಬಿ ಕೊಳ್ಳದಿದ್ದರೆ ಟ್ರೈನರ್ ಮುಖ ಸಣ್ಣದು ಮಾಡುತ್ತಿದ್ದ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸಲಹೆಗಳಲ್ಲೂ ಮೈ ಬೆಳೆಸಲು ಪ್ರೋಟೀನ್ ಪೌಡರ್ ಬೇಡ ಅಂತಲೇ ಇದೆ. ಇಲ್ಲಿ ಕೇಳುವುದು ಒಂದೇ, ‘ಮನೇಲಿ ಕಾಳು ಯಾವತ್ತು?’ ಬಸ್ಸಾರು ಮಾಡಿದ ದಿನ ನಾನು ಸಾರು ಸುರಿದುಕೊಂಡು ಪಲ್ಯ ಮಕ್ಕಳಿಗೆ ಬಿಡುತ್ತಿದ್ದೆ. ಪ್ರೋಟೀನ್ ಇರುವುದು ಕಾಳಿನಲ್ಲಿ, ಸಾರಿನಲ್ಲಿ ಅಲ್ಲ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ಈಗ ಒಂದು ಬಟ್ಟಲು ಪಲ್ಯ ನನ್ನ ಪಾಲು. ಬೆಳಿಗ್ಗೆ ಎರಡು ಮೊಟ್ಟೆ, ಅಂದರೆ ಇನ್ನೊಂದು 12 ಗ್ರಾಂ.

ಸರಿ, ಕೊರತೆಗಳಿಗೆ ಬರೋಣ. ಶೀಟಿನ ಶೆಡ್ಡು, ಏಪ್ರಿಲ್‌ನಲ್ಲಿ ಏಳು ಗಂಟೆಗೇ ಬಾಣಲೆ. ಭಾರ ಹೊತ್ತು ಬಸ್ಕಿ ಹೊಡೆಯಲು ರಾಡು ಇಡುವ ಸ್ಕ್ವಾಟ್ ಸ್ಟ್ಯಾಂಡು ಒಂದೇ, ಬ್ಯಾಚಿನಲ್ಲಿ ಎಂಟು ಜನ, ಕಾಯಲೇಬೇಕು. ಗಿರಣಿಯವರು ಬೇಗ ಬಾಗಿಲು ತೆಗೆದು ಸಾಂಬಾರ್ ಪುಡಿ ಬೀಸಿದರೆ ಮುಗಿಯಿತು, ಎಂಟೂ ಜನ ಸೀನುತ್ತಾ ಹೊರಗೆ. ಟ್ರೆಡ್‌ಮಿಲ್ ಇಲ್ಲ. ಬಟ್ಟೆ ಬದಲಾಯಿಸುವ ಕೋಣೆಯ ಚಿಲಕ ಸಡಿಲ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಕಾವಲು. ಬೇಗ ಮೈ ಕಟ್ಟಬೇಕು, ಮದುವೆಗೆ ಎರಡು ತಿಂಗಳಲ್ಲಿ ಸಣ್ಣ ಆಗಬೇಕು ಅನ್ನುವವರು ಇಲ್ಲಿಗೆ ಬಂದರೆ ಹುಚ್ಚು ಹಿಡಿಯುತ್ತದೆ. ನನ್ನ ತೂಕವೇ 67ರಿಂದ 64ಕ್ಕೆ ಬಂದಿದೆ, ಅಷ್ಟೆ.

ಮಾಸ್ಟ್ರು ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ನಡುವೆ ನೀರು ಕುಡಿಯಬಾರದು ಅನ್ನುವ ಗರಡಿ ಕಾಲದ ನಂಬಿಕೆ ಅವರದು. ಮಗಳು ಜಗಳ ಮಾಡಿ ಬಾಗಿಲ ಪಕ್ಕ ಮಡಕೆ ಇಡಿಸಿದಳು. ನನ್ನ ಮಣಿಕಟ್ಟು ನೋಯುತ್ತದೆ ಅಂದಾಗ ಅವರು ಎಣ್ಣೆ ಹಾಕಿ ತಿಕ್ಕಿ ಅಂದರು. ಅವಳು ‘ಅಪ್ಪಾ, ಸುಮ್ನಿರಿ’ ಅಂತ ನನ್ನನ್ನು ಫಿಸಿಯೋ ಹತ್ತಿರ ಕಳಿಸಿದಳು. ಅವಳಿಲ್ಲದ ವಾರ ಈ ಜಿಮ್ಮು ಅರ್ಧ ಜಿಮ್ಮು. ಸೇರುವವರು ಅವಳ ಬ್ಯಾಚು ಯಾವುದು ಅಂತ ಕೇಳಿಕೊಂಡು ಸೇರಿ.

ಫೀಸು ತಿಂಗಳಿಗೆ 800. ಮೂರು ತಿಂಗಳಿಗಿಂತ ಜಾಸ್ತಿ ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಆಯುಧಪೂಜೆಗೆ ರಜಾ. ಅವತ್ತು ರಾಡಿಗೆ ಹಚ್ಚಿದ ಕುಂಕುಮ ಒಂದು ವಾರ ಅಂಗೈಗೆ ಅಂಟುತ್ತಿರುತ್ತದೆ. ಕೌಂಟರಿನಲ್ಲಿ ಕೂತಾಗ ನೋಟಿಗೂ ಸ್ವಲ್ಪ.

18 ತಿಂಗಳಲ್ಲಿ ಏನಾಯಿತು? 10 ಕೆಜಿಯಿಂದ ಶುರು ಮಾಡಿದ ಡೆಡ್‌ಲಿಫ್ಟ್ 50ಕ್ಕೆ ಬಂದಿದೆ. ಎಚ್‌ಬಿಎ1ಸಿ 5.7. ಅದರಲ್ಲಿ ಜಿಮ್ಮಿನ ಪಾಲೆಷ್ಟು, ರಾತ್ರಿ ಅನ್ನ ಬಿಟ್ಟದ್ದರ ಪಾಲೆಷ್ಟು ಅಂತ ನನ್ನನ್ನು ಕೇಳಬೇಡಿ. ಜಡೆ ನಾನೇ ಹಾಕಿಕೊಳ್ಳುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರಕ್ಕೂ ಮೇಲೆ, ದೊಡ್ಡ ದೇವರಾಜ ಒಡೆಯರ ಕಾಲದವು. ಮುಂಚೆ ನಂದಿ ಸಿಗುವಷ್ಟರಲ್ಲಿ ಐದು ಸಲ ಕೂರುತ್ತಿದ್ದೆ, ಈ ಸಲ ಒಂದೇ ಸಲ ಕೂತೆ, ಅದೂ ಕಡಲೆಕಾಯಿಗೆ. ಇಳಿಯುವಾಗ ಮಾತ್ರ ಬಸ್ಸು. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಜಾಸ್ತಿ ಏಟು, ಮೊದಲ ಮೂರು ಸಲ ಬಸ್ಸಿನಲ್ಲೇ ಬನ್ನಿ ಅಂತ ಮಾಸ್ಟ್ರ ಅಪ್ಪಣೆ. ಇನ್ನೊಂದು ಸಲ ಬಾಕಿ ಇದೆ.

ಮೊನ್ನೆ ಹುಂಡಿ ಚೀಲ ಬಂದಾಗ ಹೊಸದಾಗಿ ಸೇರಿದ ಹುಡುಗ ಬೆನ್ನು ಬಿಲ್ಲು ಮಾಡಿಕೊಂಡು ಎತ್ತಲು ಹೋದ. ತಡೆದು, ‘ಅಡುಗೆಮನೆ ಬಾಗಿಲು ಹೇಗೆ ಮುಚ್ತೀಯಾ?’ ಅಂತ ಕೇಳಿದೆ. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು.

ಐದಕ್ಕೆ ನಾಲ್ಕು ಸ್ಟಾರ್. ಸೆಕೆಗೂ ಸೀನಿಗೂ ನಾನು ಅಂಕ ಕಳೆದಿಲ್ಲ. ಒಂದು ಸ್ಟಾರ್ ಹೋದದ್ದು ಕೈ ತೊಳೆಯುವ ನಲ್ಲಿಗೆ. ತಿರುಗಿಸಿದರೆ ಮೇಲಕ್ಕೆ ಚಿಮ್ಮಿ ಬ್ಯಾಂಕಿಗೆ ಹೋಗುವ ಸೀರೆ ಒದ್ದೆಯಾಗುತ್ತದೆ. ಹತ್ತು ತಿಂಗಳಿಂದ ಹೇಳುತ್ತಿದ್ದೇನೆ. ‘ನಿಧಾನಕ್ಕೆ ಆಗುತ್ತೆ ತಾಯಿ’ ಅಂತಾರೆ. ರಿಪೇರಿ ಆದ ದಿನ ಬಂದು ಐದು ಮಾಡುತ್ತೇನೆ.